ನಮ್ಮೂರ ಕೆರೆಗೆ ಬಂದ ನೀರು: ಇಪ್ಪತ್ತೈದು ವರ್ಷದ ಒಂದು ಹಿನ್ನೋಟ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನಾವು ಮೊದಲು ಹಿಂಜರಿದೆವು. ನಮ್ಮ ಓದು ಎಸ್.ಎಸ್.ಎಲ್.ಸಿ.ಗೇ ಮುಗಿದದ್ದು. ಸಂಘ ಬೆಳೆದು ಬಂದ ದಾರಿಯನ್ನು ಅಧ್ಯಕ್ಷರು ಬರೆಯುತ್ತಾರೆ, ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಬರೆಯುತ್ತಾರೆ. ಇನ್ನು ನಮಗೆ ಉಳಿದದ್ದೇನು ಅಂತ ಯೋಚನೆ ಮಾಡಿದಾಗ ನೀರಿನ ವಿಷಯ ನೆನಪಿಗೆ ಬಂತು. ಹಾಲು ಬೇಕಾದರೆ ಮೇವು ಬೇಕು, ಮೇವು ಬೇಕಾದರೆ ನೀರು ಬೇಕು. ನಮ್ಮ ಕೋಲಾರ ಜಿಲ್ಲೆಯಲ್ಲಿ ಈ ಇಪ್ಪತ್ತೈದು ವರ್ಷದಲ್ಲಿ ನೀರಿನಷ್ಟು ಬದಲಾದದ್ದು ಬೇರೊಂದಿಲ್ಲ. ಆದ್ದರಿಂದ ಅದರ ಕಥೆಯನ್ನೇ ನಮಗೆ ತಿಳಿದ ಮಟ್ಟಿಗೆ ಬರೆಯುತ್ತಿದ್ದೇವೆ. ಓದುಗರು ದಯವಿಟ್ಟು ಕೊನೆಯವರೆಗೂ ಓದಬೇಕು, ಯಾಕೆಂದರೆ ಕೊನೆಯಲ್ಲಿ ಸಂಘದ ಮುಂದೆ ಒಂದು ಬೇಡಿಕೆ ಇಟ್ಟಿದ್ದೇವೆ.

ಹಿಂದಿನ ಕೆರೆ

ನಮ್ಮ ಜಿಲ್ಲೆಯಲ್ಲಿ ವರ್ಷವೆಲ್ಲಾ ಹರಿಯುವ ನದಿ ಇಲ್ಲ. ಮಳೆ ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರ್, ಅದೂ ಬಂದರೆ ಬಂತು. ಇದನ್ನು ತಿಳಿದೇ ನಮ್ಮ ಹಿರಿಯರು ಕೆರೆ ಮೇಲೆ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಹೋದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಮುಂದಿನ ಕೆರೆಗೆ. ತೂಬು ಎತ್ತುವುದಕ್ಕೆ, ಗದ್ದೆಗೆ ಸರದಿ ಪ್ರಕಾರ ನೀರು ಬಿಡುವುದಕ್ಕೆ ನೀರುಗಂಟಿ ಇದ್ದ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರವರೆಲ್ಲಾ ಗಾಡಿ ಕಟ್ಟಿಕೊಂಡು ಹೋಗಿ ಗೋಡು ಮಣ್ಣು ತಂದು ಹೊಲಕ್ಕೆ ಹಾಕುತ್ತಿದ್ದರು. ಅದರಿಂದ ಹೊಲಕ್ಕೆ ಸತ್ವ ಬರುತ್ತಿತ್ತು, ಕೆರೆಯ ಹೂಳೂ ಹೋಗುತ್ತಿತ್ತು.

ಕೆರೆಯಲ್ಲಿ ನೀರಿದ್ದಾಗ ತೆರೆದ ಬಾವಿಯಲ್ಲೂ ನೀರು. ನಮ್ಮ ತಾತನವರು ಕಪಿಲೆ ಹೊಡೆದ ಬಾವಿಯಲ್ಲಿ ನಾವು ಹುಡುಗರಾಗಿದ್ದಾಗ ಈಜು ಕಲಿತೆವು. ಇಂದಿನ ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ಆ ಬಾವಿಯಲ್ಲಿ ಈಗ ತೆಂಗಿನ ಗರಿ, ಪ್ಲಾಸ್ಟಿಕ್ ಬಿಟ್ಟರೆ ಬೇರೇನೂ ಇಲ್ಲ.

ಬೋರ್‌ವೆಲ್ ಕಾಲ

ಸಂಘ ಶುರುವಾದ 2000ನೇ ಇಸವಿಯಲ್ಲಿ ನಾವು ಓದು ಬಿಟ್ಟು ಹೊಲಕ್ಕೆ ಇಳಿದು ಮೂರ್ನಾಲ್ಕು ವರ್ಷ ಆಗಿತ್ತು. ಆಗಲೇ ಬಾವಿಗಳು ಬತ್ತಿ ಎಲ್ಲರೂ ಬೋರ್‌ವೆಲ್ ಹಿಡಿದಿದ್ದರು. ಅದಾದ ಮೇಲೆ ಸತತವಾಗಿ ಮೂರು ವರ್ಷ ಬರ. ಮುನ್ನೂರು ಅಡಿಗೆ ಸಿಗುತ್ತಿದ್ದ ನೀರು ಆರುನೂರಕ್ಕೆ ಹೋಯಿತು, ಆಮೇಲೆ ಸಾವಿರಕ್ಕೆ, ಕೆಲವು ಕಡೆ ಸಾವಿರದ ಐನೂರಕ್ಕೆ. ಒಬ್ಬರು ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುತ್ತಾರೆ, ಇನ್ನೊಬ್ಬರು ಬೇವಿನ ಕಡ್ಡಿ ಹಿಡಿದು ತೋರಿಸುತ್ತಾರೆ. ಕೊನೆಗೆ ಲಾರಿ ಬಂದು ಕೊರೆದರೆ ಬರೀ ಬಿಳಿ ಧೂಳು. ನಮ್ಮ ಮನೆಯಲ್ಲೇ ಮೂರು ಬೋರು ಫೇಲಾದವು. ಮೂರನೆಯದಕ್ಕೆ ಮನೆಯವರ ಒಡವೆ ಅಡ ಇಟ್ಟಿದ್ದೆವು. ಇದು ನಮ್ಮೊಬ್ಬರ ಕಥೆಯಲ್ಲ, ಈ ಸಂಚಿಕೆ ಓದುವ ಮುಕ್ಕಾಲು ಪಾಲು ಸದಸ್ಯರ ಕಥೆ.

ತಪ್ಪು ನಮ್ಮದೂ ಇತ್ತು. ರಾಜಕಾಲುವೆ ಒತ್ತಿದೆವು, ಕೆರೆ ಅಂಗಳದಲ್ಲಿ ಜಾಲಿ ಬೆಳೆಯಲು ಬಿಟ್ಟೆವು, ಮಳೆ ನೀರು ಕೆರೆಗೆ ಬರುವ ಜಾಗದಲ್ಲೆಲ್ಲಾ ನೀಲಗಿರಿ ಹಾಕಿದೆವು. ಸರ್ಕಾರ ನೀಲಗಿರಿ ಹೊಸದಾಗಿ ಬೆಳೆಸುವುದನ್ನು ನಿಷೇಧಿಸಿದ್ದು 2017ರಲ್ಲಿ. ಅಷ್ಟೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು.

ಆಳಕ್ಕೆ ಹೋದಂತೆ ನೀರಿನ ಗುಣವೂ ಕೆಟ್ಟಿತು. ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮೀರಿದ ಊರುಗಳು ಬಹಳ. ಹಲ್ಲಿನ ಮೇಲೆ ಕಂದು ಪಟ್ಟೆ, ಐವತ್ತಕ್ಕೇ ಮೊಣಕಾಲು, ಸೊಂಟ ಹಿಡಿಯುವುದು, ಇವೆಲ್ಲಾ ಅದರ ಗುರುತು. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಬೆಂಗಳೂರಿನ ನೀರು ಬರುವ ಮುಂಚೆ ನಮ್ಮ ನೀರು ಅಮೃತವಾಗಿತ್ತು ಅಂತ ಯಾರೂ ತಿಳಿಯಬಾರದು.

ಬೆಂಗಳೂರಿನ ನೀರು ಹೊರಟದ್ದು

ಶಾಶ್ವತ ನೀರಾವರಿ ಬೇಕು ಅಂತ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷಗಟ್ಟಲೆ ಹೋರಾಟ ನಡೆಯಿತು. 2016ರ ಮಾರ್ಚ್‌ನಲ್ಲಿ ರೈತರು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟದ್ದು ಎಲ್ಲರಿಗೂ ನೆನಪಿದೆ. ಕೇಳಿದ್ದು ನದಿ ನೀರು. ಮೊದಲು ಸಿಕ್ಕಿದ್ದು ಬೆಂಗಳೂರು ಬಳಸಿ ಬಿಟ್ಟ ನೀರು.

ಯೋಜನೆಯ ಹೆಸರು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ, ಜನರ ಬಾಯಲ್ಲಿ ಕೆ.ಸಿ. ವ್ಯಾಲಿ. ಬೆಂಗಳೂರಿನ ಆ ಭಾಗದ ಕೊಳಚೆ ಮೊದಲಿಂದಲೂ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಬಿದ್ದು ಅಲ್ಲಿಂದ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿನ ಕಡೆ ಹೋಗುತ್ತಿತ್ತು. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು, 2015ರಲ್ಲೂ ಆಮೇಲೂ ಬೆಂಕಿ ಹತ್ತಿಕೊಂಡಿದ್ದನ್ನು ಟಿ.ವಿ.ಯಲ್ಲಿ ನೋಡಿದ್ದೇವೆ. ಆ ಕಣಿವೆಯ ಕೊಳಚೆಯನ್ನು ಘಟಕಗಳಲ್ಲಿ ಎರಡನೇ ಹಂತದವರೆಗೆ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್ ಪಂಪ್ ಮಾಡಿ, ನಮ್ಮ ಕಡೆಯ 126 ಕೆರೆ ತುಂಬಿಸಬೇಕೆಂಬುದು ಮೊದಲ ಗುರಿ. ಈ ನೀರನ್ನು ನೇರವಾಗಿ ಕುಡಿಯುವಂತಿಲ್ಲ, ಕೆರೆಗೆ ಮೋಟರ್ ಇಟ್ಟು ಹೊಲಕ್ಕೆ ಎತ್ತುವಂತಿಲ್ಲ. ಕೆರೆಯಲ್ಲಿ ನಿಂತು, ಭೂಮಿಗೆ ಇಂಗಿ, ಬೋರ್‌ವೆಲ್‌ಗೆ ಬರಬೇಕು. ಇದೇ ರೀತಿ ಹೆಬ್ಬಾಳ–ನಾಗವಾರ ಕಣಿವೆಯ ನೀರನ್ನು ಚಿಕ್ಕಬಳ್ಳಾಪುರದ ಕಡೆಗೆ ಕೊಡುವ ಯೋಜನೆಯೂ ಆಯಿತು.

2018ರ ಜೂನ್‌ನಲ್ಲಿ ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಿತ್ತು. ನಮ್ಮೂರಿಂದಲೂ ಟೆಂಪೋ ಮಾಡಿಕೊಂಡು ಹೋಗಿ ನೋಡಿ ಬಂದರು. ನಾವೂ ಹೋಗಿದ್ದೆವು. ಪೈಪಿನಿಂದ ನೀರು ಧುಮುಕುವುದನ್ನು ನೋಡಿ ವಯಸ್ಸಾದವರು ಕೈ ಮುಗಿದರು. ಹೆಂಗಸರು ಅರಿಶಿನ ಕುಂಕುಮ ಹಾಕಿದರು. ವಾಸನೆ ಸ್ವಲ್ಪ ಇತ್ತು. ಆ ದಿನ ಯಾರೂ ಅದರ ಮಾತೆತ್ತಲಿಲ್ಲ.

ನೊರೆ, ನ್ಯಾಯಾಲಯ ಮತ್ತು ನಮ್ಮೂರ ಜಗಳ

ತಿಂಗಳು ಕಳೆಯುವುದರೊಳಗೆ ಲಕ್ಷ್ಮೀಸಾಗರದಲ್ಲಿ ನೊರೆ ಕಾಣಿಸಿತು, ನೀರು ನಿಂತಿತು. ಹೋರಾಟದಲ್ಲಿದ್ದವರೇ ಹೈಕೋರ್ಟಿಗೆ ಹೋಗಿ, ಮೂರನೇ ಹಂತದ ಶುದ್ಧೀಕರಣ ಆಗದೆ ನೀರು ಬಿಡಬಾರದು ಎಂದು ಕೇಳಿದರು. 2018ರ ಜುಲೈನಲ್ಲಿ ತಡೆಯಾಜ್ಞೆ, ಸೆಪ್ಟೆಂಬರ್‌ನಲ್ಲಿ ಅನುಮತಿ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ, ಅದೇ ವರ್ಷ ಅದು ತೆರವಾಗಿ ಮತ್ತೆ ನೀರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕೆರೆ ನೀರು, ಬೋರ್ ನೀರು ಎರಡನ್ನೂ ಪರೀಕ್ಷೆ ಮಾಡುವ ಕೆಲಸ ನಡೆಸಿದರು.

ಆಗ ನಮ್ಮೂರು ಎರಡು ಭಾಗವಾಯಿತು. ಅರಳಿ ಕಟ್ಟೆ ಮೇಲೆ ದಿನಾ ಇದೇ ಮಾತು. "ಕಕ್ಕಸಿನ ನೀರು ನಮಗ್ಯಾಕೆ?" ಅಂತ ಒಬ್ಬರು. "ನೀರೇ ಇಲ್ಲದೆ ಸಾಯೋದಕ್ಕಿಂತ ಇದು ವಾಸಿ" ಅಂತ ಇನ್ನೊಬ್ಬರು. ಒಂದೇ ಮನೆಯ ಅಣ್ಣ ತಮ್ಮಂದಿರು ಮಾತು ಬಿಟ್ಟದ್ದೂ ಉಂಟು. ಹಿಂದೆ ನೀರುಗಂಟಿ ಆಗಿದ್ದ ತಾತ ಒಬ್ಬರು ಎಲ್ಲಾ ಕೇಳಿಸಿಕೊಂಡು, "ಅಲ್ಲಪ್ಪಾ, ಬರೋ ನೀರ್ನ ಬ್ಯಾಡ ಅನ್ಬ್ಯಾಡ್ರಿ. ಆದ್ರೆ ಅದು ಎಂಥಾ ನೀರು ಅಂತ ದಿನಾ ನೋಡ್ತಾ ಇರೋ ಒಬ್ಬ ಮನುಷ್ಯ ಇರಬೇಕು. ನಮ್ ಕಾಲ್ದಾಗೆ ಅದಕ್ಕೇ ನೀರುಗಂಟಿ ಇದ್ದ" ಅಂದರು. ಆ ದಿನ ಅವರ ಮಾತಿನ ತೂಕ ನಮಗೆ ತಿಳಿಯಲಿಲ್ಲ.

ಕೊನೆಗೆ ಮೇಲಿನ ಕೆರೆಗಳು ತುಂಬಿ ಕಾಲುವೆಯಲ್ಲಿ ನಮ್ಮೂರ ಕೆರೆಗೂ ನೀರು ಬಂತು.

ಆದ ಅನುಕೂಲ

ಒಳ್ಳೆಯದನ್ನು ಒಳ್ಳೆಯದು ಎನ್ನಬೇಕು. ಬತ್ತಿಹೋಗಿದ್ದ ಬೋರ್‌ಗಳಲ್ಲಿ ಎಷ್ಟೋ ಮತ್ತೆ ಎದ್ದವು. ಕೆರೆಯ ಕೆಳಗಿನ ತೋಟಗಳಲ್ಲಿ ಹಿಪ್ಪುನೇರಳೆ ಚಿಗುರಿತು, ಸೀಮೆಹುಲ್ಲು ಬಂತು, ಟೊಮ್ಯಾಟೊ ಬಂತು. ಹಸು ಮಾರಿದ್ದವರು ಮತ್ತೆ ಹಸು ಕಟ್ಟಿದರು. ಸಂಘಕ್ಕೆ ಬರುವ ಹಾಲು ಹೆಚ್ಚಿತು ಎಂಬುದಕ್ಕೆ ನಮ್ಮ ಸಂಘದ ಪುಸ್ತಕವೇ ಸಾಕ್ಷಿ. ಬೆಂಗಳೂರಿಗೆ ಕೂಲಿಗೆ ಹೋಗಿದ್ದ ಹುಡುಗರಲ್ಲಿ ಕೆಲವರು ವಾಪಸು ಬಂದರು. ಕೆರೆಗೆ ಕೊಕ್ಕರೆ ಬಂದವು.

ಆದರೆ ಲೆಕ್ಕವನ್ನು ಸರಿಯಾಗಿ ಹಾಕಬೇಕು. 2021ರ ಕೊನೆಯಲ್ಲಿ ಎಂದೂ ಕಾಣದ ಮಳೆ ಆಯಿತು, ವರ್ಷಾನುಗಟ್ಟಲೆ ಕೋಡಿ ಹೋಗದ ಕೆರೆಗಳು ಕೋಡಿ ಹೋದವು. ಬೋರ್‌ನಲ್ಲಿ ನೀರು ಮೇಲೆ ಬಂದದ್ದರಲ್ಲಿ ಎಷ್ಟು ಬೆಂಗಳೂರಿನದು, ಎಷ್ಟು ಮಳೆರಾಯನದು ಅಂತ ಬಿಡಿಸಿ ಹೇಳುವುದು ಸುಲಭವಲ್ಲ. ಅಲ್ಲದೆ ಮೊದಲೇ ತುಂಬಿ ನಿಂತ ಕೆರೆಗೆ ಮಳೆ ನೀರು ಬಂದರೆ ನಿಲ್ಲಲು ಜಾಗವಿಲ್ಲ. ಒಳ್ಳೆ ನೀರು ಕೋಡಿ ಮೇಲೆ ಹೋಗುತ್ತದೆ, ಹಳೇ ನೀರಿನ ಪಾಲು ಕೆರೆಯಲ್ಲೇ ಉಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಕೆರೆಯಲ್ಲಿ ಸ್ವಲ್ಪ ಜಾಗ ಬಿಡಬೇಕು ಎಂಬುದು ನಮ್ಮ ಅಭಿಪ್ರಾಯ.

ಮಣ್ಣು ಯಾವುದನ್ನು ಸೋಸುತ್ತದೆ, ಯಾವುದನ್ನು ಬಿಡುತ್ತದೆ

ಕೊಳಚೆ ಶುದ್ಧೀಕರಣದಲ್ಲಿ ಮೂರು ಹಂತ. ಮೊದಲನೆಯದರಲ್ಲಿ ಕಸ, ಮರಳು, ಗಷ್ಟು ಕೆಳಗೆ ಕೂರಿಸುತ್ತಾರೆ. ಎರಡನೆಯದರಲ್ಲಿ ಗಾಳಿ ಊದುತ್ತಾರೆ, ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಅರಗಿಸುತ್ತವೆ. ಮೂರನೆಯದರಲ್ಲಿ ಸಣ್ಣಗೆ ಸೋಸಿ, ಉಳಿದ ಸಾರಜನಕ, ರಂಜಕಗಳನ್ನು ತೆಗೆದು, ರೋಗಾಣುಗಳನ್ನು ಕೊಲ್ಲುತ್ತಾರೆ. ನಮಗೆ ಬಂದದ್ದು ಎರಡನೇ ಹಂತದ ನೀರು. ಮೂರನೇ ಹಂತದ ಕೆಲಸವನ್ನು ಕೆರೆಯೂ ಮಣ್ಣೂ ಮಾಡಲಿ ಎಂದು ಬಿಟ್ಟ ಹಾಗಾಯಿತು.

ಮಣ್ಣು ಬಹಳ ಕೆಲಸ ಮಾಡುತ್ತದೆ, ಸುಳ್ಳಲ್ಲ. ರೋಗಾಣುಗಳಲ್ಲಿ ಹೆಚ್ಚಿನವು ಮಣ್ಣಿನ ಪದರದಲ್ಲೇ ಸಿಕ್ಕಿ ಸಾಯುತ್ತವೆ. ರಂಜಕ, ಸೀಸದಂಥ ಲೋಹಗಳು ಜೇಡಿಗೆ ಅಂಟಿಕೊಳ್ಳುತ್ತವೆ. ಕೆಳಗಿನ ನೀರಲ್ಲಿ ಫ್ಲೋರೈಡ್ ಇದ್ದು, ಮೇಲಿನಿಂದ ಇಂಗುವ ನೀರಲ್ಲಿ ಅದು ಕಡಿಮೆ ಇದ್ದರೆ ಎರಡೂ ಬೆರೆತು ಫ್ಲೋರೈಡ್ ತೆಳುವಾಗುತ್ತದೆ. ಇದೂ ಒಂದು ಲಾಭವೇ.

ಆದರೆ ನೈಟ್ರೇಟ್ ಮತ್ತು ಉಪ್ಪನ್ನು ಮಣ್ಣು ಹಿಡಿಯುವುದಿಲ್ಲ. ಅವು ನೀರಿನ ಜೊತೆಯಲ್ಲೇ ಇಳಿಯುತ್ತವೆ. ಕುಡಿಯುವ ನೀರಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಆರು ತಿಂಗಳೊಳಗಿನ ಹಸುಗೂಸಿಗೆ ಅಪಾಯ, ರಕ್ತಕ್ಕೆ ಉಸಿರು ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟುತ್ತದೆ. ಹಸು, ಎಮ್ಮೆಗಳಿಗೂ ಅತಿಯಾದರೆ ಕೆಡುಕು. ಕುದಿಸಿದರೆ ಹೋಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ಕುದಿಸಿದಷ್ಟೂ ನೀರು ಆವಿಯಾಗಿ ನೈಟ್ರೇಟ್ ಗಟ್ಟಿಯಾಗುತ್ತದೆ. ನಗರದ ನೀರಲ್ಲಿ ಬರುವ ಔಷಧಿಗಳ ಅಂಶ, ಮದ್ದಿಗೆ ಬಗ್ಗದ ರೋಗಾಣುಗಳ ವಿಷಯವನ್ನೂ ವಿಜ್ಞಾನಿಗಳು ಎತ್ತುತ್ತಾರೆ.

ಇನ್ನೂ ಎರಡು ಮಾತು ನಮ್ಮ ಊರುಗಳಿಗೇ ಸಂಬಂಧಿಸಿದ್ದು. ಒಂದು, ಬರದ ಕಾಲದಲ್ಲಿ ಕೆರೆ ಅಂಗಳದಲ್ಲೇ ಬೋರ್ ಕೊರೆದದ್ದುಂಟು. ಕೇಸಿಂಗ್ ಒಡೆದ, ಬಾಯಿ ತೆರೆದ ಅಂಥ ಬೋರ್ ಮೇಲೆ ನೀರು ನಿಂತರೆ ಮಣ್ಣಿನ ಸೋಸುವಿಕೆ ಏನೂ ಇಲ್ಲ, ಆಲಿಕೆಯಲ್ಲಿ ಹೊಯ್ದ ಹಾಗೆ ಸೀದಾ ಕೆಳಕ್ಕೆ ಹೋಗುತ್ತದೆ. ಎರಡು, ಲೋಹಗಳು ಜೇಡಿಗೆ ಅಂಟುತ್ತವೆ ಅಂದರೆ ಅವು ಕೆರೆಯ ಹೂಳಲ್ಲಿ ಕೂತಿರುತ್ತವೆ ಅಂತಲೇ ಅರ್ಥ. ನಾಳೆ ಆ ಗೋಡನ್ನು ತಂದು ಹೊಲಕ್ಕೆ ಹಾಕುವವರು ನಾವೇ. ತಾತನ ಕಾಲದ ಗೋಡು ಬೇರೆ, ಈಗಿನ ಗೋಡು ಬೇರೆ. ಪರೀಕ್ಷೆ ಮಾಡಿಸದೆ ಹಾಕಬಾರದು.

ವರ್ಷವೆಲ್ಲಾ ನೀರು ನಿಂತ ಕೆರೆ ಇನ್ನೊಂದು ರೀತಿಯಲ್ಲೂ ಬದಲಾಯಿತು. ಸಾರಜನಕ, ರಂಜಕ ಗೊಬ್ಬರವಾದ್ದರಿಂದ ಜೊಂಡು, ಪಾಚಿ ಹಬ್ಬಿತು, ಸೊಳ್ಳೆ ಹೆಚ್ಚಿತು. ಬೇಸಿಗೆಯಲ್ಲಿ ಅಂಗಳದಲ್ಲಿ ದನ ಮೇಯಿಸುವುದು ನಿಂತುಹೋಯಿತು.

ಬೇರೆ ದೇಶಗಳಲ್ಲಿ ಹೇಗೆ

ಬಳಸಿದ ನೀರನ್ನು ಭೂಮಿಗೆ ಇಂಗಿಸುವುದು ನಮ್ಮಲ್ಲೇ ಮೊದಲೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 1970ರ ದಶಕದಿಂದಲೂ ಇದನ್ನು ಮಾಡುತ್ತಿದ್ದಾರೆ. 2008ರಿಂದ ಅಲ್ಲಿ ನಡೆಯುತ್ತಿರುವ ದೊಡ್ಡ ಘಟಕದಲ್ಲಿ ಎರಡನೇ ಹಂತ ಮುಗಿದ ನೀರನ್ನು ಮತ್ತೆ ಸಣ್ಣ ಜಾಲರಿಯಲ್ಲಿ ಸೋಸಿ, ನಮ್ಮೂರ ಶುದ್ಧ ನೀರಿನ ಘಟಕದಲ್ಲಿರುವಂಥ ಆರ್.ಒ. ಪದ್ಧತಿಯಲ್ಲಿ ಹಾಯಿಸಿ, ನೇರಳಾತೀತ ಕಿರಣ ಹಾಯಿಸಿ, ಆಮೇಲೆ ಭೂಮಿಗೆ ಬಿಡುತ್ತಾರೆ. ಜನ ಅದನ್ನೇ ಕುಡಿಯುವುದರಿಂದ ಅಷ್ಟು ಕಟ್ಟುನಿಟ್ಟು.

ಇಸ್ರೇಲ್ ದೇಶದಲ್ಲಿ ಟೆಲ್ ಅವೀವ್ ಕಡೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಮರಳಿನ ಹೊಂಡಗಳಲ್ಲಿ ಇಂಗಿಸುತ್ತಾರೆ. ಆದರೆ ಸುತ್ತಲೂ ಬಾವಿ ತೋಡಿ ಆ ನೀರನ್ನು ಅಲ್ಲೇ ಹಿಡಿದು, ಬೇರೆ ಪೈಪಿನಲ್ಲಿ ನೆಗೆವ್ ಮರುಭೂಮಿಯ ಹೊಲಗಳಿಗೆ ಕಳಿಸುತ್ತಾರೆ. ಕುಡಿಯುವ ನೀರಿಗೆ ಅದನ್ನು ಬೆರೆಸುವುದಿಲ್ಲ.

ಅಂದರೆ ಒಬ್ಬರು ಪೂರ್ತಿ ಶುದ್ಧ ಮಾಡಿ ಕುಡಿಯುತ್ತಾರೆ, ಇನ್ನೊಬ್ಬರು ಅರ್ಧ ಶುದ್ಧ ಮಾಡಿ ಹೊಲಕ್ಕೆ ಮಾತ್ರ ಕೊಡುತ್ತಾರೆ. ನಮ್ಮಲ್ಲಿ ಮಾತ್ರ ಎರಡನೇ ಹಂತದ ನೀರು ಇಂಗುವ ಕೆರೆಯ ಪಕ್ಕದಲ್ಲೇ ಪಂಚಾಯಿತಿಯ ಕುಡಿಯುವ ನೀರಿನ ಬೋರ್ ಇರುತ್ತದೆ. ಅವರಿಗಿರುವುದು ಸಮವಾಗಿ ಸೋಸುವ ಮರಳು, ನಮಗಿರುವುದು ಬಿರುಕು ಬಿಟ್ಟ ಕಲ್ಲು ಬಂಡೆ. ಯಾವ ಬಿರುಕು ಎಲ್ಲಿಗೆ ಹೋಗುತ್ತದೋ ಬಲ್ಲವರಾರು? ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಕೂಗಿಗೆ ಅರ್ಥ ಇರುವುದು ಇಲ್ಲೇ. ಅದನ್ನು ನೀರಿನ ವಿರೋಧ ಅಂತ ತಿಳಿಯಬಾರದು.

ನಮ್ಮ ಮನೆಯಲ್ಲೇ ಆದದ್ದು

ಮೂರು ವರ್ಷದ ಹಿಂದೆ ನಮ್ಮ ಮಗಳು ಬಾಣಂತನಕ್ಕೆ ಮನೆಗೆ ಬಂದಾಗ, ಅಳಿಯಂದಿರ ಒತ್ತಾಯಕ್ಕೆ ನಮ್ಮ ಬೋರ್ ನೀರನ್ನು ಪರೀಕ್ಷೆಗೆ ಕೊಟ್ಟೆವು. ನೈಟ್ರೇಟ್ ಮಿತಿ ಮೀರಿತ್ತು. ಮನೆಯವರು ಅಳುವುದಕ್ಕೇ ಶುರು ಮಾಡಿದರು. ಮಗುವಿಗೆ ಎದೆಹಾಲೇ ಆಗುತ್ತಿದ್ದುದರಿಂದ ದೇವರ ದಯೆ ಏನೂ ಆಗಲಿಲ್ಲ. ಬಾಣಂತಿಗೆ ಅಂದಿನಿಂದ ಬೇರೆ ನೀರು ತಂದೆವು.

ನಮಗೆ ಮೊದಲು ಕೋಪ ಬಂದದ್ದು ಬೆಂಗಳೂರಿನ ಮೇಲೆ. ಪರೀಕ್ಷೆ ಮಾಡಿದ ಹುಡುಗ ಒಂದೇ ಪ್ರಶ್ನೆ ಕೇಳಿದ: "ಕೆರೆಗೆ ನೀರು ಬರೋ ಮುಂಚೆ ಎಷ್ಟಿತ್ತು ಸಾರ್?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬೋರ್‌ನಿಂದ ಇಪ್ಪತ್ತು ಮಾರು ದೂರದಲ್ಲೇ ನಮ್ಮ ತಿಪ್ಪೆ. ಹುಲ್ಲಿಗೆ, ಟೊಮ್ಯಾಟೊಗೆ ಯೂರಿಯಾ ಸುರಿದವರು ನಾವೇ. ಗಂಜಲ ಹರಿಯುವ ಮೋರಿ ಬೋರ್ ಪಕ್ಕದಲ್ಲೇ ಹೋಗುತ್ತದೆ. ನೈಟ್ರೇಟ್ ಇದ್ಯಾವುದರಿಂದ ಬೇಕಾದರೂ ಬಂದಿರಬಹುದು, ಕೆರೆ ನೀರಿನಿಂದಲೂ ಬಂದಿರಬಹುದು. ಮೊದಲಿನ ಲೆಕ್ಕ ಇಲ್ಲದೆ ಯಾರನ್ನು ದೂರುವುದು?

ಅವತ್ತು ನೀರುಗಂಟಿ ತಾತನ ಮಾತು ನೆನಪಾಯಿತು. ಅಷ್ಟೊತ್ತಿಗೆ ತಾತ ತೀರಿಹೋಗಿದ್ದರು.

ಸಂಘದ ಮುಂದೆ ಒಂದು ಬೇಡಿಕೆ

ನಮ್ಮ ಸಂಘದಲ್ಲಿ ಬೆಳಿಗ್ಗೆ ಒಂದು ಸಾರಿ, ಸಂಜೆ ಒಂದು ಸಾರಿ ಪ್ರತಿಯೊಬ್ಬರ ಹಾಲಿಗೂ ಫ್ಯಾಟು ನೋಡುತ್ತೇವೆ, ಡಿಗ್ರಿ ನೋಡುತ್ತೇವೆ, ಪುಸ್ತಕದಲ್ಲಿ ಬರೆಯುತ್ತೇವೆ. ಇಪ್ಪತ್ತೈದು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ನೀರು ಬೆರೆಸಿದವರನ್ನು ಕ್ಷಣದಲ್ಲಿ ಹಿಡಿಯುತ್ತೇವೆ. ಆದರೆ ಹಸು ಕುಡಿದ ನೀರು ಎಂಥದ್ದು ಅಂತ ಒಂದು ದಿನವೂ ಬರೆದಿಡಲಿಲ್ಲ. ಕೆರೆಗೆ ಹೊಸ ನೀರು ಬರುವ ಮುಂಚೆ ನಾಲ್ಕು ಬೋರ್‌ಗಳ ಪರೀಕ್ಷೆ ಮಾಡಿಸಿ ಇಟ್ಟಿದ್ದರೆ ಇವತ್ತು ಅರಳಿ ಕಟ್ಟೆ ಮೇಲೆ ಜಗಳವೇ ಇರುತ್ತಿರಲಿಲ್ಲ. ನಿರ್ದೇಶಕರಾಗಿ ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ, ಒಪ್ಪುತ್ತೇವೆ.

ಆದ್ದರಿಂದ ಈ ಬೆಳ್ಳಿ ಹಬ್ಬದ ನೆನಪಿಗೆ ಸಂಘದಲ್ಲಿ ಒಂದು ನೀರಿನ ಪುಸ್ತಕ ಶುರು ಮಾಡಬೇಕೆಂದು ಕೇಳುತ್ತೇವೆ. ಕೆರೆ ಮೇಲೆ ಎರಡು, ಕೆರೆ ಕೆಳಗೆ ಎರಡು, ಊರೊಳಗೆ ಎರಡು, ಹೀಗೆ ಆರು ಬೋರ್ ಆರಿಸಬೇಕು. ವರ್ಷಕ್ಕೆ ಎರಡು ಸಾರಿ, ಮಳೆಗಾಲದ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ, ನೀರಿನ ಮಟ್ಟ, ನೈಟ್ರೇಟ್, ಫ್ಲೋರೈಡ್, ಉಪ್ಪಿನ ಅಂಶ, ರೋಗಾಣು ಇಷ್ಟನ್ನೂ ನೋಡಿಸಿ ಬರೆಯಬೇಕು. ಖರ್ಚನ್ನು ಸಂಘದ ಲಾಭದಲ್ಲಿ ತೆಗೆದಿಡಬಹುದು. ವರದಿಯನ್ನು ಹಾಲು ಹಾಕುವ ಜಾಗದಲ್ಲೇ ಅಂಟಿಸಬೇಕು. ಸರ್ಕಾರದ ಮುಂದೆ ಮೂರನೇ ಹಂತ ಕೇಳುವಾಗ ಕೈಯಲ್ಲಿ ಈ ಪುಸ್ತಕ ಇದ್ದರೆ ನಮ್ಮ ಮಾತಿಗೆ ಬೆಲೆ.

ಸದಸ್ಯರು ಮನೆ ಮಟ್ಟದಲ್ಲಿ ಮಾಡಬೇಕಾದ್ದೂ ಇದೆ. ತಿಪ್ಪೆಯನ್ನು ಬೋರ್‌ನಿಂದ ದೂರ ಇಡಬೇಕು. ಹಾಳು ಬೋರ್‌ಗಳ ಬಾಯನ್ನು ಭದ್ರವಾಗಿ ಮುಚ್ಚಬೇಕು. ದನಗಳನ್ನು ಕೆರೆಗೆ ಬಿಡದೆ ತೊಟ್ಟಿಯಲ್ಲಿ ನೀರು ಕುಡಿಸಬೇಕು. ಮಾಡಿನ ಮಳೆ ನೀರನ್ನು ಹಿಡಿಯಬೇಕು. ಹಸುಗೂಸಿರುವ ಮನೆಯವರು ಪರೀಕ್ಷೆ ಆಗದ ನೀರನ್ನು ಮಗುವಿಗೆ ಕೊಡಬಾರದು.

ಎಲ್ಲಕ್ಕಿಂತ ಹೆಚ್ಚಾಗಿ, ನೀರು ಬಂತು ಅಂತ ಮೈಮರೆಯಬಾರದು. ನಮ್ಮ ಜಿಲ್ಲೆಯ ತಾಲ್ಲೂಕುಗಳು ಅಂತರ್ಜಲ ಅತಿಯಾಗಿ ಬಳಸಿದ ಪಟ್ಟಿಯಲ್ಲಿ ಬಹುಕಾಲದಿಂದ ಇವೆ. ಬಂದ ನೀರಿಗೆಲ್ಲಾ ಹೊಸ ಬೋರ್ ಹಾಕುತ್ತಾ ಹೋದರೆ ಬೆಂಗಳೂರು ಎಷ್ಟು ಕೊಟ್ಟರೂ ಸಾಲದು. ಮೇಲಿನ ಕೆರೆ ಕೆಟ್ಟರೆ ಹೂಳೆತ್ತಬಹುದು. ಬಂಡೆಯ ಸಂದಿನಲ್ಲಿರುವ ನೀರು ಕೆಟ್ಟರೆ ತೊಳೆಯುವುದಕ್ಕೆ ನಮ್ಮ ಆಯಸ್ಸೂ ಸಾಲದು, ಮಕ್ಕಳ ಆಯಸ್ಸೂ ಸಾಲದು.

ನಮ್ಮ ಅಲ್ಪ ತಿಳಿವಳಿಕೆಯಲ್ಲಿ ಬರೆದಿದ್ದೇವೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು. ಬರುವ ಸರ್ವ ಸದಸ್ಯರ ಸಭೆಯಲ್ಲಿ ನೀರಿನ ಪುಸ್ತಕದ ವಿಷಯ ಬಂದಾಗ ಎಲ್ಲರೂ ಕೈ ಎತ್ತಿ ಬೆಂಬಲಿಸಬೇಕೆಂದು ಕೋರುತ್ತೇವೆ. ಸಂಘವನ್ನು ಕಟ್ಟಿದ, ಈಗ ನಮ್ಮೊಂದಿಗಿಲ್ಲದ ಹಿರಿಯರೆಲ್ಲರನ್ನೂ ನೆನೆಯುತ್ತಾ ಮುಗಿಸುತ್ತೇವೆ.

ಜೈ ಸಹಕಾರ.